ಮೀನು ಕರಿಯಲು ಕರೆದರೆ ಹೋಗಿ, ಫಾರಂ ಆಮೇಲೆ ನೋಡೋಣ

ಅಮೆರಿಕಕ್ಕೆ ಬಂದು ಮೂರು ತಿಂಗಳಾದರೂ ಚರ್ಚಿನಲ್ಲಿ ಭಾನುವಾರದ ಬಲಿಪೂಜೆ (ಮಾಸ್) ಮುಗಿಸಿ ಯಾರೊಡನೆಯೂ ಮಾತಿಲ್ಲದೆ ಮನೆಗೆ ಮರಳುತ್ತೇನೆ ಎಂದು ಬರೆದಿದ್ದೀರಿ. ಕಳೆದ ವಾರ ಚರ್ಚಿನ ಬಾಗಿಲಲ್ಲಿ ಹಿರಿಯರೊಬ್ಬರು 'ನೈಟ್ಸ್ ಆಫ್ ಕೊಲಂಬಸ್' ಎಂಬ ಕ್ಯಾಥೊಲಿಕ್ ಗಂಡಸರ ಸೇವಾ ಸಂಘದ ಸದಸ್ಯತ್ವದ ಫಾರಂ ಕೊಟ್ಟು, ಶುಕ್ರವಾರ ಮೀನು ಕರಿಯಲು ಬನ್ನಿ ಎಂದರಂತೆ. ಇದೇನು ರಹಸ್ಯ ಸಂಘವೇ, ನನ್ನ ಎಚ್-1ಬಿ ಉದ್ಯೋಗ ವೀಸಾಕ್ಕೆ ತೊಂದರೆಯಾದೀತೇ ಎಂಬುದು ನಿಮ್ಮ ಅಳುಕು. ಮೀನು ಕರಿಯಲು ಹೋಗಿ. ಫಾರಂ ಸದ್ಯಕ್ಕೆ ಡ್ರಾಯರಿನಲ್ಲಿರಲಿ.

ಹದಿನೇಳು ವರ್ಷದ ಹಿಂದೆ ನನ್ನನ್ನೂ ಹೀಗೆಯೇ ಕರೆದಿದ್ದರು. ಹೆಸರು ಕೇಳಿ ಕತ್ತಿ, ನಿಲುವಂಗಿ ಎಂದೆಲ್ಲ ಕಲ್ಪಿಸಿಕೊಂಡು ಹೋದರೆ ಕಂಡದ್ದು ಏಪ್ರನ್ ತೊಟ್ಟ ಮುದುಕರು ಮತ್ತು ಎಲೆಕೋಸಿನ ರಾಶಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸವಿಲ್ಲವಲ್ಲ, ಹಾಗಾಗಿ ಚರ್ಚಿನ ಸಭಾಂಗಣದಲ್ಲಿ ಮೀನಿನೂಟ ಮಾರಿ, ಬಂದ ಹಣವನ್ನು ದಾನದ ಕೆಲಸಕ್ಕೆ ಇಡುತ್ತಾರೆ. ಸಲಾಡ್ ತುಂಬಿದ ಪುಟ್ಟ ಬಟ್ಟಲುಗಳಿಗೆ ಮುಚ್ಚಳ ಹಾಕುವುದು ಅಂದು ನನ್ನ ಪಾಲಿನ ಕೆಲಸ. ಪಕ್ಕದಲ್ಲಿ ನಿವೃತ್ತ ಪ್ಲಂಬರ್ ಒಬ್ಬರು. ಮೂರು ಗಂಟೆಯಲ್ಲಿ ಹತ್ತು ಮಾತು ಆಡಿದೆವೋ ಇಲ್ಲವೋ. ಆದರೆ ಮುಂದಿನ ಭಾನುವಾರ ಅವರು ಚರ್ಚಿನ ಆಚೆ ತುದಿಯಿಂದಲೇ ನನ್ನ ಹೆಸರನ್ನು ತಪ್ಪಾಗಿ ಕೂಗಿದರು. ಇಂದಿಗೂ ತಪ್ಪಾಗಿಯೇ ಕೂಗುತ್ತಾರೆ.

ಈ ಸಂಘ ಹುಟ್ಟಿದ್ದೇ ವಲಸಿಗರ ಕಷ್ಟದಿಂದ. 1882ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಫಾದರ್ ಮೈಕಲ್ ಮೆಕ್‌ಗಿವ್ನಿ ಎಂಬ ಯುವ ಪಾದ್ರಿ ಇದನ್ನು ಕಟ್ಟಿದರು. ದುಡಿಯುವ ಗಂಡಸು ಸತ್ತರೆ ವಿಧವೆಯೂ ಮಕ್ಕಳೂ ದಿಕ್ಕಿಲ್ಲದಂತಾಗುತ್ತಿದ್ದ ಐರಿಷ್ ಕುಟುಂಬಗಳನ್ನು ಅವರು ದಿನವೂ ನೋಡುತ್ತಿದ್ದರು. ಅವರೇ 1890ರಲ್ಲಿ, 38ನೆಯ ವಯಸ್ಸಿಗೆ ತೀರಿಕೊಂಡರು. ಸಂಘ ಈಗಲೂ ಜೀವವಿಮೆ ಮಾರುವುದಕ್ಕೆ ಮೂಲ ಆ ಕುಟುಂಬಗಳ ಕಷ್ಟವೇ. ಸದಸ್ಯರಾದರೆ ಏಜೆಂಟ್ ಫೋನ್ ಮಾಡಬಹುದು. ಬೇಡವಾದರೆ ಬೇಡ ಎನ್ನಿ, ಯಾರೂ ಮುಖ ಊದಿಸಿಕೊಳ್ಳುವುದಿಲ್ಲ.

ರಹಸ್ಯದ ಮಾತಿಗೆ ಬಂದರೆ, 2020ರಿಂದ ಸೇರ್ಪಡೆಯ ವಿಧಿಯನ್ನು ಮನೆಯವರೂ ಕುಳಿತು ನೋಡುವಂತೆ ಮಾಡಿದ್ದಾರೆ. ಸದಸ್ಯತ್ವ ಮಾತ್ರ 18 ದಾಟಿದ ಕ್ಯಾಥೊಲಿಕ್ ಗಂಡಸರಿಗಷ್ಟೇ. ನಮ್ಮಲ್ಲಿ ಅಡುಗೆಮನೆಯ ಅರ್ಧ ಭಾರ ಹೊರುವವರು ಹೆಂಗಸರೇ ಆದರೂ ಹೀಗೆ. ನನಗಿದು ಇನ್ನೂ ಸರಿ ಕಾಣುವುದಿಲ್ಲ. ಗರ್ಭಪಾತಕ್ಕೆ ಇವರ ವಿರೋಧವೂ ಬಹಿರಂಗವೇ. ಗರ್ಭಿಣಿಯರ ನೆರವು ಕೇಂದ್ರಗಳಿಗೆ ಅಲ್ಟ್ರಾಸೌಂಡ್ ಯಂತ್ರ ಕೊಡಿಸುತ್ತಾರೆ. ಸಹಿ ಹಾಕುವ ಮುನ್ನ ಇದು ನಿಮಗೆ ಒಪ್ಪಿಗೆಯೇ ಎಂದು ನೋಡಿಕೊಳ್ಳಿ. ತಿಂಗಳ ಸಭೆಗಳಂತೂ ಮುಗಿಯುವುದೇ ಇಲ್ಲ.

ನನ್ನನ್ನು ಇಲ್ಲಿ ಹಿಡಿದಿಟ್ಟದ್ದು ಕೋಟುಗಳ ಕೆಲಸ. ಚಳಿಗೆ ಮುನ್ನ ಬಡ ಮಕ್ಕಳಿಗೆ ಹೊಸ ಕೋಟು ಹಂಚುತ್ತೇವೆ. ಅಳತೆಯ ಪ್ರಕಾರ ಜೋಡಿಸಿಟ್ಟು, ಮಗುವೇ ಆರಿಸಿಕೊಳ್ಳಲಿ ಎಂದು ದೂರ ನಿಲ್ಲುವುದು ನಮ್ಮ ಕೌನ್ಸಿಲಿನ, ಅಂದರೆ ಸಂಘದ ಸ್ಥಳೀಯ ಘಟಕದ, ರೂಢಿ. ಒಮ್ಮೆ ಆರೇಳು ವರ್ಷದ ಹುಡುಗನೊಬ್ಬ ನೀಲಿ ಕೋಟು ತೊಟ್ಟು, ಎರಡೂ ಕೈಗಳನ್ನು ಜೇಬಿಗಿಳಿಸಿ ನಿಂತುಬಿಟ್ಟ. ತಾಯಿ ಕರೆದರೂ ಕೈ ಹೊರಗೆ ತೆಗೆಯಲಿಲ್ಲ. ಬಾಗಿಲನ್ನು ಭುಜದಿಂದಲೇ ತಳ್ಳಿಕೊಂಡು ಹೋದ. ಫೋಟೊ ತೆಗೆಯಲು ಹೊರಟವರೊಬ್ಬರನ್ನು ಅಂದು ನಾನು ತಡೆದೆ, ಸ್ವಲ್ಪ ಒರಟಾಗಿಯೇ.

ವೀಸಾ ವಿಷಯ: ದತ್ತಿ ಸಂಸ್ಥೆಗೆ ಸಂಬಳವಿಲ್ಲದೆ ಮಾಡುವ ನಿಜವಾದ ಸ್ವಯಂಸೇವೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಯಾರಿಗಾದರೂ ಸಂಬಳ ಕೊಟ್ಟು ಮಾಡಿಸುವಂಥ ಕೆಲಸವನ್ನು ಬಿಟ್ಟಿಯಾಗಿಯೂ ಮಾಡಿಕೊಡಬೇಡಿ. ನೀವು ಸಾಫ್ಟ್‌ವೇರಿನವರೆಂದು ತಿಳಿದ ಕೂಡಲೇ ಚರ್ಚಿನ ವೆಬ್‌ಸೈಟ್ ನೋಡಿಕೊಳ್ಳುತ್ತೀರಾ ಎನ್ನುವವರು ಇರುತ್ತಾರೆ. ಅದಕ್ಕೆ ಮೊದಲು ವಕೀಲರನ್ನು ಕೇಳಿ. ಕೃತಜ್ಞತೆಗೆಂದು ಗಿಫ್ಟ್ ಕಾರ್ಡ್ ಕೊಟ್ಟರೂ ತೆಗೆದುಕೊಳ್ಳಬೇಡಿ.

ಶುಕ್ರವಾರ ಹಳೆಯ ಷೂ ಹಾಕಿಕೊಂಡು ಹೋಗಿ. ಒಳ್ಳೆಯ ಜಾಕೆಟ್ ಕಾರಿನಲ್ಲೇ ಇರಲಿ, ಎಣ್ಣೆಯ ವಾಸನೆ ಒಂದು ಒಗೆತಕ್ಕೆ ಬಿಡುವುದಿಲ್ಲ.