ಸಂಪಾದಕರ ಉತ್ತರ: ಒಂದೇ ರೈಲು, ಎರಡು ಸಿನಿಮಾ

ನಮಸ್ಕಾರ ಸಾರ್,

“ಹಳೇ ಕೌಬಾಯ್ ಸಿನಿಮಾಗಳಲ್ಲಿ ಒಳ್ಳೆಯವನು ಯಾರು, ಕೆಟ್ಟವನು ಯಾರು ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ಈಗ ಬರೀ ರಕ್ತ, ಗುಂಡಿನ ಸದ್ದು. ಹೊಸದರಲ್ಲಿ ಒಂದಾದರೂ ಹಳೆಯದರ ಸಮಕ್ಕೆ ನಿಲ್ಲುತ್ತದಾ?” ಎಂದು ಕೇಳಿದ್ದೀರಿ.

ನಿಮ್ಮ ಪತ್ರ ಓದಿದ ಮೇಲೆ ‘3:10 ಟು ಯೂಮಾ’ ಎರಡನ್ನೂ ಒಂದೇ ರಾತ್ರಿ ಕೂತು ನೋಡಿದೆ. 1957ರದ್ದು ಡೆಲ್ಮರ್ ಡೇವ್ಸ್ ಅವರದ್ದು, 2007ರದ್ದು ಜೇಮ್ಸ್ ಮ್ಯಾಂಗೋಲ್ಡ್ ಅವರದ್ದು. ಕಥೆ ಒಂದೇ. ಮಳೆಯಿಲ್ಲದೆ ಸೋತ ಡ್ಯಾನ್ ಎಂಬ ರೈತ, ದುಡ್ಡಿನ ಅಡಚಣೆಗೆ ಬಿದ್ದು, ದರೋಡೆಕೋರ ಬೆನ್ ವೇಡ್‌ನನ್ನು ಜೈಲಿಗೆ ಒಯ್ಯುವ ರೈಲು ಹತ್ತಿಸಲು ಒಪ್ಪಿಕೊಳ್ಳುತ್ತಾನೆ.

ಹಳೆಯದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಆ ಹೋಟೆಲ್ ರೂಮು. ರೈಲು ಬರುವುದು ಇನ್ನೂ ತಡ. ವೇಡ್ ಮಂಚದ ಮೇಲೆ ಆರಾಮಾಗಿ ಒರಗಿದ್ದಾನೆ. ಡ್ಯಾನ್ ಬಂದೂಕು ಹಿಡಿದು ಬೆವರುತ್ತಿದ್ದಾನೆ. ‘ನನ್ನನ್ನು ಬಿಟ್ಟುಬಿಡು, ಇಷ್ಟು ಕೊಡ್ತೀನಿ’ ಅಂತ ವೇಡ್ ಮೆಲ್ಲಗೆ ಆಸೆ ಹಚ್ಚುತ್ತಾನೆ, ಮೊತ್ತ ಏರಿಸುತ್ತಾ ಹೋಗುತ್ತಾನೆ. ಡ್ಯಾನ್‌ಗೆ ಬೇಕಿರುವುದು ಬರೀ 200 ಡಾಲರ್, ಆರು ತಿಂಗಳ ನೀರಿಗೆ. ಬೇಡ ಅನ್ನುವ ಮೊದಲು ಅವನ ಮುಖದಲ್ಲಿ ಲೆಕ್ಕ ಓಡುವುದು ಕಾಣುತ್ತದೆ.

ನೀವು ಹೇಳಿದ ಒಳ್ಳೆಯವ, ಕೆಟ್ಟವ ಎಂಬ ಗೆರೆ ಇಲ್ಲೇ ಅಳಿಸಿಹೋಗಿದೆ, ಅಲ್ವಾ? ಕೊನೆಗೆ ಡ್ಯಾನ್‌ನನ್ನು ಉಳಿಸುವವನು ವೇಡ್. 1956ರ ‘ದಿ ಸರ್ಚರ್ಸ್’ ನೆನಪಿಸಿಕೊಳ್ಳಿ. ಜಾನ್ ವೇನ್ ಪಾತ್ರದ ಎದೆ ತುಂಬಾ ದ್ವೇಷ. ವರ್ಷಗಟ್ಟಲೆ ಹುಡುಕಿದ ಸೋದರನ ಮಗಳನ್ನೇ ಕೊಲ್ಲಬೇಕೆನ್ನುವಷ್ಟು. ಕಡೆಗೆ ಅವಳನ್ನು ಮನೆ ಮುಟ್ಟಿಸುತ್ತಾನೆ, ತಾನು ಹೊಸ್ತಿಲ ಹೊರಗೇ ಉಳಿಯುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಹಳೆಯ ಚಿತ್ರಗಳು ನಮ್ಮ ನೆನಪಿನಲ್ಲಿರುವಷ್ಟು ಸರಳವಾಗಿರಲೇ ಇಲ್ಲ.

ಹೊಸ ‘ಯೂಮಾ’ದ ರಕ್ತ ನನಗೆ ಅಷ್ಟೇನೂ ಕಾಡಲಿಲ್ಲ. ಹಿಡಿಸದ್ದು ಅದರ ವಿವರಣೆ. ಡ್ಯಾನ್ ಯುದ್ಧದಲ್ಲಿ ಕಾಲು ಕಳೆದುಕೊಂಡವನು, ಅದೂ ತನ್ನ ಕಡೆಯವನದೇ ಗುಂಡಿಗೆ. ಮಗನ ಕಣ್ಣಲ್ಲಿ ದೊಡ್ಡವನಾಗುವ ಆಸೆ ಬೇರೆ. ಎಲ್ಲವನ್ನೂ ಬಾಯಿಬಿಟ್ಟೇ ಹೇಳಿಸುತ್ತಾರೆ. ಆದರೂ ಒಂದು ಗಳಿಗೆ ಹೊಸದರದೇ ಸೊತ್ತು: ಅಪ್ಪ ಗುಂಡು ತಿಂದು ಬಿದ್ದಿದ್ದಾನೆ, ಮಗ ವೇಡ್‌ನತ್ತ ಪಿಸ್ತೂಲು ಎತ್ತುತ್ತಾನೆ, ಹೊಡೆಯದೆ ಇಳಿಸುತ್ತಾನೆ. ಅಲ್ಲಿ ಯಾರೂ ಏನನ್ನೂ ವಿವರಿಸುವುದಿಲ್ಲ.

ಸಮಕ್ಕೆ ನಿಲ್ಲುವುದು ಯಾವುದು ಅಂದರೆ, ನನ್ನ ಮಟ್ಟಿಗೆ ಕ್ಲಿಂಟ್ ಈಸ್ಟ್‌ವುಡ್ ಅವರ ‘ಅನ್‌ಫರ್‌ಗಿವನ್’, 1992ರದ್ದು. ಐದು ಜನರನ್ನು ಕೊಂದಿದ್ದೇನೆ ಅಂತ ಸುಳ್ಳು ಬಡಾಯಿ ಕೊಚ್ಚಿದ ಹುಡುಗ, ನಿಜವಾಗಿ ಮೊದಲ ಸಲ ಕೊಂದ ಮೇಲೆ ಮರದ ಬುಡದಲ್ಲಿ ವಿಸ್ಕಿ ಕುಡಿಯುತ್ತಾ ಅಳುತ್ತಾನೆ. ಅದನ್ನು ನೋಡಿ ಸಾರ್, ನೋಡಿದ ಮೇಲೆ ಇನ್ನೊಂದು ಪತ್ರ ಹಾಕಿ.

– ಸಂ.