ದೇವರಿಲ್ಲದ ಆಸ್ತಿಕರು

ಪ್ರಶ್ನೆ: ಮೊನ್ನೆ ಭಾನುವಾರ ಮನೆಮಂದಿಯೆಲ್ಲ ಮಂದಾರಗಿರಿಗೆ, ಅದೇ ನಮ್ಮ ಬಸ್ತಿಬೆಟ್ಟಕ್ಕೆ ಹೋಗಿದ್ದೆವು. ಬಸದಿಯಲ್ಲಿ ಅಭಿಷೇಕ, ಪೂಜೆ ಎಲ್ಲ ನಡೆಯುತ್ತಿತ್ತು. ಬಿ.ಎ. ಓದುವ ಮಗಳ ನೋಟ್ಸ್‌ನಲ್ಲಿ ಮಾತ್ರ ಜೈನರದ್ದು ನಾಸ್ತಿಕ ದರ್ಶನ ಅಂತಿದೆ. ಇಷ್ಟು ಭಕ್ತಿಯಿಂದ ಪೂಜೆ ಮಾಡುವವರು ನಾಸ್ತಿಕರು ಹೇಗಾಗುತ್ತಾರೆ?
– ಓದುಗರು, ತುಮಕೂರು

ಉತ್ತರ: ನೋಟ್ಸ್ ತಪ್ಪಲ್ಲ. ನಿಮ್ಮ ಅನುಮಾನವೂ ಸರಿಯಾಗೇ ಇದೆ. ದರ್ಶನಗಳನ್ನು ಆಸ್ತಿಕ, ನಾಸ್ತಿಕ ಅಂತ ವಿಂಗಡಿಸುವಾಗ ದೇವರನ್ನು ನಂಬುತ್ತೀರಾ ಅಂತ ಯಾರೂ ಕೇಳುವುದಿಲ್ಲ, ವೇದವನ್ನು ಪ್ರಮಾಣ, ಅಂದರೆ ನಂಬಬಹುದಾದ ಆಧಾರ, ಅಂತ ಒಪ್ಪುತ್ತೀರಾ ಅಂತಷ್ಟೇ ಕೇಳುತ್ತಾರೆ. ನ್ಯಾಯ, ವೈಶೇಷಿಕ, ಸಾಂಖ್ಯ, ಯೋಗ, ಮೀಮಾಂಸೆ, ವೇದಾಂತ ಒಪ್ಪಿದವು, ಹಾಗಾಗಿ ಆಸ್ತಿಕ. ಜೈನ, ಬೌದ್ಧ, ಮತ್ತೆ ಪರಲೋಕ, ಪುನರ್ಜನ್ಮ ಯಾವುದನ್ನೂ ನಂಬದ ಚಾರ್ವಾಕ ಒಪ್ಪದವು, ಹಾಗಾಗಿ ನಾಸ್ತಿಕ.

ಮಜಾ ಇರುವುದು ಒಪ್ಪಿದವರ ಮನೆಯೊಳಗೆ. ಮೀಮಾಂಸಕರಷ್ಟು ಕಟ್ಟಾ ವೈದಿಕರು ಬೇರೆ ಸಿಗುವುದಿಲ್ಲ. ವೇದವನ್ನು ಮನುಷ್ಯರೂ ಬರೆದಿಲ್ಲ, ದೇವರೂ ಬರೆದಿಲ್ಲ, ಅದು ಯಾವಾಗಲೂ ಇದ್ದೇ ಇತ್ತು ಅನ್ನುವವರು ಅವರು. ಅವರಲ್ಲೇ ದೊಡ್ಡ ಹೆಸರಾದ ಕುಮಾರಿಲ ಭಟ್ಟ, ಸುಮಾರು 7ನೇ ಶತಮಾನದವನು, ಶ್ಲೋಕವಾರ್ತಿಕದಲ್ಲಿ ಸೃಷ್ಟಿಕರ್ತನ ವಿಷಯ ಎತ್ತಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾನೆ. ಶರೀರವೇ ಇಲ್ಲದವನಿಗೆ ಸೃಷ್ಟಿ ಮಾಡಬೇಕು ಅನ್ನುವ ಆಸೆ ಹೇಗೆ ಬಂತು? ಶರೀರ ಇತ್ತು ಅಂದರೆ ಅದನ್ನು ಮಾಡಿದ್ದು ಯಾರು? ಕರುಣೆಯಿಂದ ಮಾಡಿದ ಅನ್ನುವುದಾದರೆ ಕರುಣೆ ತೋರಿಸಲು ಆಗ ಯಾರಿದ್ದರು, ಮತ್ತೆ ಲೋಕದಲ್ಲಿ ಇಷ್ಟೊಂದು ಕಷ್ಟ ಯಾಕಿದೆ? ಸರಿ, ಯಜ್ಞದ ಫಲ ಕೊಡುವುದು ಯಾರು ಅಂದರೆ, ಯಜ್ಞದಿಂದಲೇ ಹುಟ್ಟುವ 'ಅಪೂರ್ವ' ಎಂಬ ಶಕ್ತಿ ಕೊಡುತ್ತದೆ, ನಡುವೆ ದೇವರು ಬೇಕಿಲ್ಲ ಅಂತ ಮೀಮಾಂಸಕರ ಉತ್ತರ. ಇಷ್ಟೆಲ್ಲ ಅಂದರೂ ಅವರು ಆಸ್ತಿಕರೇ! ನ್ಯಾಯದವರು ಇದಕ್ಕೆ ಪೂರ್ತಿ ಉಲ್ಟಾ. ಉದಯನ ದೇವರಿದ್ದಾನೆ ಅಂತ ಸಾಧಿಸಲೆಂದೇ ನ್ಯಾಯಕುಸುಮಾಂಜಲಿ ಬರೆದ.

ಈಗ ಬಸದಿಗೆ ಬನ್ನಿ. ತೀರ್ಥಂಕರರು ಲೋಕ ಸೃಷ್ಟಿಸಿದವರಲ್ಲ, ವರ ಕೊಡುವವರೂ ಅಲ್ಲ. ಕರ್ಮ ಅನ್ನುವುದು ಜೀವಕ್ಕೆ ಅಂಟುವ ಸೂಕ್ಷ್ಮ ದ್ರವ್ಯ, ಅದನ್ನು ಪೂರ್ತಿ ಕಳಚಿಕೊಂಡು ಗೆದ್ದವರು ಅವರು. ಅವರ ಗುಣ ನೆನೆಯಲು ಪೂಜೆ. (ಮದುವೆ, ಮಕ್ಕಳು ಅಂತ ಬೇಡಿಕೊಳ್ಳುವವರು ಪದ್ಮಾವತಿ ಯಕ್ಷಿಗೆ ಕೈಮುಗಿಯುವುದೇ ಜಾಸ್ತಿ.) ಪುನರ್ಜನ್ಮ, ಕರ್ಮ, ಮೋಕ್ಷ ಎಲ್ಲ ಒಪ್ಪುತ್ತಾರೆ. 8ನೇ ಶತಮಾನದ ಜೈನ ಆಚಾರ್ಯ ಹರಿಭದ್ರ ತನ್ನ ಷಡ್ದರ್ಶನಸಮುಚ್ಚಯದಲ್ಲಿ ಜೈನ, ಬೌದ್ಧರನ್ನೂ ಆಸ್ತಿಕರ ಸಾಲಿಗೇ ಸೇರಿಸಿ ಚಾರ್ವಾಕರನ್ನು ಮಾತ್ರ ಹೊರಗಿಟ್ಟ. ಗೆರೆ ಎಳೆಯುವವರು ಬದಲಾದರೆ ಪಟ್ಟಿಯೂ ಬದಲಾಗುತ್ತದೆ, ಅಲ್ವಾ? ಮಗಳು ಪರೀಕ್ಷೆಗೆ ಮಾತ್ರ ನೋಟ್ಸ್‌ನಲ್ಲಿದ್ದಂತೆ ಬರೆಯಲಿ.

ಪ್ರಶ್ನೆ: ಸಾಲ ಮಾಡಿಯಾದರೂ ತುಪ್ಪ ತಿನ್ನು ಅಂತ ಚಾರ್ವಾಕರು ಹೇಳಿದ್ದು ನಿಜವೇ?
– ಓದುಗರು, ಚಿಂತಾಮಣಿ

ಉತ್ತರ: ಅವರ ಮೂಲ ಗ್ರಂಥವೇ ಉಳಿದಿಲ್ಲ. ಈ ಮಾತು ನಮಗೆ ಸಿಗುವುದು 14ನೇ ಶತಮಾನದ ಸರ್ವದರ್ಶನಸಂಗ್ರಹದಲ್ಲಿ, ಅದನ್ನು ಬರೆದದ್ದು ವೇದಾಂತಿ. ಎದುರಾಳಿ ಹೇಳಿದ್ದನ್ನು ಸುಮ್ನೆ ನಂಬಬೇಡಿ. ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೆ ಯಾವುದನ್ನೂ ಗಟ್ಟಿಯಾಗಿ ನಂಬಲಾಗದು ಅನ್ನುವುದು ಅವರ ನಿಜವಾದ ವಾದ. ಇದೇ ಪಂಥದವನು ಅಂತ ಹಲವರು ಹೇಳುವ ಜಯರಾಶಿಯ ತತ್ತ್ವೋಪಪ್ಲವಸಿಂಹ ಎಂಬ ಗ್ರಂಥ ಮಾತ್ರ ಉಳಿದಿದೆ, ಅದು 1940ರಲ್ಲಿ ಬರೋಡಾದಲ್ಲಿ ಅಚ್ಚಾಯಿತು. ಅವನಂತೂ ಕಣ್ಣಾರೆ ಕಂಡದ್ದನ್ನೂ ನಂಬಲು ತಯಾರಿಲ್ಲ.