ಕೋರ್ಟಿನಲ್ಲಿ ಜಗಳವಾಡದೆ, ಮಧ್ಯಸ್ಥಿಕೆಯಲ್ಲೇ ವಿಚ್ಛೇದನ ಇತ್ಯರ್ಥ ಮಾಡಿಕೊಳ್ಳಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮದುವೆಯಾಗಿ ಒಂಬತ್ತು ವರ್ಷ, ಏಳು ವರ್ಷದ ಮಗಳು, ಬೇರೆಬೇರೆ ಇರಲು ಶುರುಮಾಡಿ ಹದಿನಾಲ್ಕು ತಿಂಗಳು. ಮತ್ತೆ ಕೂಡಿ ಬಾಳುವ ಮನಸ್ಸು ಇಬ್ಬರಿಗೂ ಇಲ್ಲ. ಒಬ್ಬ ವಕೀಲರು "ಮೊದಲು ಕೇಸು ಹಾಕಿ, ಆಮೇಲೆ ತಾವಾಗಿಯೇ ದಾರಿಗೆ ಬರ್ತಾರೆ" ಅಂದಿದ್ದಾರೆ, ಗೆಳತಿ ಮಧ್ಯಸ್ಥಿಕೆಗೆ ಹೋಗು ಅಂದಿದ್ದಾಳೆ. ಅದನ್ನು ನಂಬಬಹುದೇ, ಅಲ್ಲಿ ಬರೆದ ಕಾಗದಕ್ಕೆ ಬೆಲೆಯಿದೆಯೇ, ಅಮ್ಮನನ್ನು ಜೊತೆಗೆ ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ.

ನಾನು ವಕೀಲಳಲ್ಲ. ನನ್ನ ಮದುವೆ ಮುಗಿದದ್ದು ಮಧ್ಯಸ್ಥಿಕೆ ಕೇಂದ್ರದ ಒಂದು ಸಣ್ಣ ಕೋಣೆಯಲ್ಲಿ. ಆಗ ಮಗನಿಗೆ ಆರು ವರ್ಷ. ಅದಕ್ಕೂ ಮೊದಲು ಒಂದೂವರೆ ವರ್ಷ ನಾವಿಬ್ಬರೂ ಒಬ್ಬರ ಮೇಲೊಬ್ಬರು ಅರ್ಜಿ ಹಾಕಿಕೊಂಡು ವಾಯಿದೆಯಿಂದ ವಾಯಿದೆಗೆ ಅಲೆದಿದ್ದೆವು. ಎರಡೂ ದಾರಿ ನಡೆದು ನೋಡಿದವಳಾಗಿ ಹೇಳುತ್ತೇನೆ, ಹೋಗಿ. ಆದರೆ ಅಲ್ಲಿ ಬರೆಸುವ ಒಪ್ಪಂದದ ಒಂದೊಂದು ಸಾಲನ್ನೂ ಜಗಳಗಂಟಿ ಎನಿಸಿಕೊಂಡರೂ ಪರವಾಗಿಲ್ಲ ಎಂಬಂತೆ ಕೂತು ಓದಿ. ನಾನು ಎಡವಿದ್ದು ಅಲ್ಲೇ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ಮಧ್ಯಸ್ಥಿಕೆಯಿಂದ ವಿಚ್ಛೇದನ ಸಿಗುವುದಿಲ್ಲ. ಸಿಗುವುದು ಒಪ್ಪಂದ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಆದ ನಿಮ್ಮ ಮದುವೆಯನ್ನು ಕೊನೆಗೊಳಿಸುವುದು ಕೌಟುಂಬಿಕ ನ್ಯಾಯಾಲಯದ ಡಿಕ್ರಿ, ಅಂದರೆ ಅಂತಿಮ ಆದೇಶ ಮಾತ್ರ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮೊಹರು ಹಾಕಿಸಿಕೊಂಡು "ಡೈವೋರ್ಸ್ ಆಯ್ತು" ಅಂದುಕೊಂಡವರು ಎಷ್ಟೋ ಜನ. ಅವರಲ್ಲಿ ಕೆಲವರು ಮರುಮದುವೆಯನ್ನೂ ಆಗಿ ದೊಡ್ಡ ತೊಂದರೆಗೆ ಸಿಲುಕುತ್ತಾರೆ. ನೀವು ಆ ದಾರಿ ಹಿಡಿಯಬೇಡಿ. ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದವನ್ನು ಸೇರಿಸಿ, ಕಾಯ್ದೆಯ 13ಬಿ ಕಲಂನಡಿ ಇಬ್ಬರೂ ಜಂಟಿಯಾಗಿ ಅರ್ಜಿ ಹಾಕಬೇಕು. ಹಾಗಾಗಿ ಕೋರ್ಟಿಗೆ ಹೋಗಲೇಬೇಕು, ಆದರೆ ಹೋಗುವುದು ಎಲ್ಲ ತೀರ್ಮಾನವಾದ ಮೇಲೆ, ಎರಡು ಮೂರು ಸಲ.

ಮಧ್ಯಸ್ಥಿಕೆಗೆ ಬರುವ ದಾರಿ ಎರಡು. ಕೇಸು ಈಗಾಗಲೇ ನಡೆಯುತ್ತಿದ್ದರೆ ನ್ಯಾಯಾಧೀಶರೇ ಕಳಿಸುತ್ತಾರೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ರಾಜಿಗೆ ಪ್ರಯತ್ನಿಸುವುದನ್ನು ಕೋರ್ಟಿನ ಕರ್ತವ್ಯವಾಗಿಸಿದೆ. 2013ರಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದಾಂಪತ್ಯದ ವ್ಯಾಜ್ಯಗಳನ್ನು ಮೊದಲ ಹಂತದಲ್ಲೇ ಮಧ್ಯಸ್ಥಿಕೆಗೆ ಕಳಿಸಬೇಕು ಎಂದಿತು. ಕೇಸೇ ಹಾಕಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೋಗಿ ಕೇಳಿ, ವ್ಯಾಜ್ಯಪೂರ್ವ ಮಧ್ಯಸ್ಥಿಕೆಗೆ ಅಲ್ಲಿ ಅವಕಾಶವಿದೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ ಶುರುವಾದದ್ದು 2007ರಲ್ಲಿ. ಕೋರ್ಟಿನಿಂದ ಕಳಿಸಿದ ಪ್ರಕರಣಗಳಿಗೆ ಅಲ್ಲಿ ನಮ್ಮಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದಿದ್ದರೆ ಚಿಂತೆ ಬೇಡ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ.

ಒಳಗೆ ಏನಾಗುತ್ತದೆ ಎಂಬ ಭಯ ನನಗೂ ಇತ್ತು. ಮನೆಯ ಹಿರಿಯರು ಕೂಡಿಸಿದ ಪಂಚಾಯ್ತಿಯ ನೆನಪು ಇನ್ನೂ ಹಸಿಯಾಗಿತ್ತು. ಅಲ್ಲಿ ನನ್ನನ್ನು ಕೂರಿಸಿಕೊಂಡು ತಪ್ಪು ಯಾರದು ಎಂದು ತೀರ್ಪು ಕೊಟ್ಟಿದ್ದರು. ಇಲ್ಲಿ ಹಾಗಲ್ಲ. ಮಧ್ಯಸ್ಥಗಾರರು ತೀರ್ಪು ಕೊಡುವಂತಿಲ್ಲ, ನಮ್ಮ ಒಪ್ಪಿಗೆಯಿಲ್ಲದೆ ಒಂದು ಅಕ್ಷರ ಬರೆಯುವಂತಿಲ್ಲ. ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿದರು, ಆಮೇಲೆ ಒಬ್ಬೊಬ್ಬರನ್ನೇ ಕರೆದರು. ಹೀಗೆ ಒಬ್ಬರೇ ಇದ್ದಾಗ ಹೇಳಿದ್ದನ್ನು, ನೀವು ಬೇಡ ಎಂದರೆ, ಅವರು ಎದುರಿನವರಿಗೆ ಹೇಳುವುದಿಲ್ಲ. ಮಾತುಕತೆ ಮುರಿದುಬಿದ್ದರೂ ಅಲ್ಲಿ ಆಡಿದ ಮಾತು ಕೋರ್ಟಿನಲ್ಲಿ ಸಾಕ್ಷ್ಯವಾಗದು. 2010ರ ಮೋತಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಧ್ಯಸ್ಥಿಕೆ ವಿಫಲವಾದರೆ "ವಿಫಲವಾಯಿತು" ಎಂದಷ್ಟೇ ವರದಿ ಕಳಿಸಬೇಕು, ಒಳಗಿನ ಮಾತುಕತೆಯ ವಿವರ ಬರೆಯಬಾರದು ಎಂದು ಹೇಳಿದೆ. ಇದು ಗೊತ್ತಾದ ಮೇಲೇ ನನಗೆ ಬಾಯಿ ಬಂದದ್ದು.

ಆ ಪ್ರತ್ಯೇಕ ಮಾತುಕತೆಯೇ ನನ್ನ ಹಟವನ್ನು ಕರಗಿಸಿತು. ಮನೆ ನನಗೇ ಬೇಕು ಎಂದು ಪಟ್ಟು ಹಿಡಿದಿದ್ದೆ. ಕೋರ್ಟಿನಲ್ಲಾಗಿದ್ದರೆ ಮನೆ ಯಾರದು ಎಂಬುದರ ಮೇಲೇ ವಾದ ನಡೆಯುತ್ತಿತ್ತು. ಮಧ್ಯಸ್ಥಗಾರರು "ಮನೆ ಯಾಕೆ ಬೇಕಮ್ಮ?" ಎಂದು ಕೇಳಿದರು. ಉತ್ತರ ಹೇಳುತ್ತಾ ಹೋದಂತೆ ನನಗೇ ತಿಳಿಯಿತು, ನನಗೆ ಬೇಕಿದ್ದದ್ದು ಮಗ ಶಾಲೆ ಬದಲಿಸಬಾರದು, ಅವನ ಗೆಳೆಯರು ಅವನಿಗೆ ಉಳಿಯಬೇಕು ಎಂಬುದು. ಮನೆಯ ಮೇಲೆ ಇನ್ನೂ ಹನ್ನೊಂದು ವರ್ಷದ ಸಾಲವಿತ್ತು, ನನ್ನ ಸಂಬಳದಲ್ಲಿ ಕಂತು ಕಟ್ಟಲು ಆಗುತ್ತಿರಲಿಲ್ಲ. ಕೊನೆಗೆ ಮನೆ, ಸಾಲ ಎರಡೂ ನನ್ನ ಗಂಡನಿಗೆ ಹೋಯಿತು. ಅದೇ ಬಡಾವಣೆಯಲ್ಲಿ ನನಗೊಂದು ಬಾಡಿಗೆ ಮನೆಯ ಮುಂಗಡ, ಒಂದು ಇಡಿಗಂಟು ಬಂತು. ಮನೆ ಯಾಕೆ ಬೇಕು ಎಂಬುದು ಒಂದೂವರೆ ವರ್ಷದಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ.

ಹೋಗುವ ಮುನ್ನ ಲೆಕ್ಕ ತಿಳಿದುಕೊಳ್ಳಿ. ನಿಮ್ಮ ಗಂಡನ ಸಂಬಳ, ಭವಿಷ್ಯ ನಿಧಿ, ವಿಮೆ, ಷೇರು, ಜಂಟಿ ಖಾತೆ, ಸಾಲ, ನಿಮ್ಮ ಒಡವೆ ಯಾವ ಲಾಕರಿನಲ್ಲಿದೆ, ಎಲ್ಲ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದು ನಮೂನೆಯನ್ನೇ ಕೊಟ್ಟಿದೆ. ಆ ನಮೂನೆಯನ್ನು ಮಧ್ಯಸ್ಥಿಕೆಯಲ್ಲೂ ಇಬ್ಬರೂ ತುಂಬೋಣ ಎಂದು ಕೇಳಿ. ಗಂಡನ ಸಂಬಳ ಎಷ್ಟೆಂದೇ ತಿಳಿಯದೆ ಮೊತ್ತಕ್ಕೆ ಒಪ್ಪಿಕೊಳ್ಳುವುದು ಕಣ್ಣು ಕಟ್ಟಿಕೊಂಡು ಸಹಿ ಹಾಕಿದಂತೆ. ಇನ್ನು ಸ್ತ್ರೀಧನ, ಅಂದರೆ ಮದುವೆಯಲ್ಲಿ ನಿಮಗೆ ಬಂದ ಒಡವೆ, ಹಣ, ಉಡುಗೊರೆ, ನಿಮ್ಮದು. 1985ರ ಪ್ರತಿಭಾ ರಾಣಿ ಪ್ರಕರಣದಿಂದ ಅದರಲ್ಲಿ ಅನುಮಾನವೇ ಉಳಿದಿಲ್ಲ. ಅದನ್ನು ಜೀವನಾಂಶದ ಲೆಕ್ಕದೊಳಗೆ ಸೇರಿಸಿ "ಇಷ್ಟು ಕೊಟ್ಟೆ" ಎಂದು ತೋರಿಸಲು ಬಿಡಬೇಡಿ.

ಈಗ ನಾನು ಎಡವಿದ ಕಥೆ. ಮಗನ ವಿಷಯದಲ್ಲಿ ನಮ್ಮ ಒಪ್ಪಂದದಲ್ಲಿ ಬರೆದದ್ದು ಒಂದೇ ವಾಕ್ಯ: "ಶಾಲಾ ರಜೆಯಲ್ಲಿ ಉಭಯತ್ರರ ಅನುಕೂಲ ನೋಡಿಕೊಂಡು ಮಗುವನ್ನು ತಂದೆಯ ಬಳಿ ಕಳುಹಿಸತಕ್ಕದ್ದು." ಅಂದು ನಾವಿಬ್ಬರೂ ದಣಿದಿದ್ದೆವು, ಒಳ್ಳೆಯತನದ ಗಳಿಗೆಯೂ ಅದಾಗಿತ್ತು, ಇಷ್ಟು ಸಾಕು ಅನ್ನಿಸಿತು. ಮೊದಲ ಬೇಸಿಗೆ ರಜೆ ಬಂದಾಗ ಅವರ ಅನುಕೂಲವೇ ಬೇರೆ, ನನ್ನದೇ ಬೇರೆ. ಅವರು ರೈಲಿಗೆ ಟಿಕೆಟ್ ಮಾಡಿಸಿದ್ದರು, ನಾನು ಅದೇ ವಾರ ತಂಗಿಯ ಮನೆಗೆ ಹೋಗುವುದೆಂದು ಮಗನಿಗೆ ಹೇಳಿಬಿಟ್ಟಿದ್ದೆ. ಬಾಗಿಲಲ್ಲಿ ನಿಂತು ನಾವಿಬ್ಬರೂ ದನಿ ಏರಿಸಿದೆವು. ಮಗು ಬೆನ್ನಿಗೆ ಚೀಲ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಯಾರ ಕಡೆ ನೋಡಬೇಕೆಂದು ತಿಳಿಯದೆ ನಿಂತಿತ್ತು. ಆ ಮುಖ ನನಗೆ ಈಗಲೂ ಕಣ್ಣಮುಂದೆ ಬರುತ್ತದೆ. ಅವನಿಗಾಗಿಯೇ ಇಷ್ಟೆಲ್ಲ ಮಾಡಿದ್ದು, ಕೊನೆಗೆ ಒಂದು ಸಡಿಲ ವಾಕ್ಯದಿಂದ ಅವನನ್ನೇ ನಡುವೆ ನಿಲ್ಲಿಸಿದ್ದೆವು.

ಮತ್ತೆ ಮಧ್ಯಸ್ಥಗಾರರ ಬಳಿ ಹೋಗಿ ತಿದ್ದಿಸಿದೆವು. ಈ ಸಲ ಎಲ್ಲವನ್ನೂ ಬರೆಸಿದೆವು. ಬೇಸಿಗೆ ರಜೆಯ ಮೊದಲರ್ಧ ಯಾರ ಬಳಿ, ಮುಂದಿನ ವರ್ಷ ಅದು ಅದಲುಬದಲು. ವಾರದ ಭೇಟಿ ಯಾವ ದಿನ, ಎಷ್ಟು ಗಂಟೆಗೆ, ಕರೆದೊಯ್ಯುವವರು ಯಾರು, ವಾಪಸ್ ಬಿಡುವವರು ಯಾರು. ಮಗುವಿಗೆ ಜ್ವರ ಬಂದು ಭೇಟಿ ತಪ್ಪಿದರೆ ಬದಲಿ ದಿನ ಯಾವುದು. ವಿಡಿಯೊ ಕರೆ ಯಾವಾಗ. ಶಾಲೆ ಬದಲಿಸಬೇಕಾದರೆ, ಆಪರೇಷನ್ ಆಗಬೇಕಾದರೆ, ಪಾಸ್‌ಪೋರ್ಟ್ ಮಾಡಿಸಬೇಕಾದರೆ ಇಬ್ಬರ ಒಪ್ಪಿಗೆಯೂ ಬೇಕೆಂದು. ಒಬ್ಬರಿಗೆ ಬೇರೆ ಊರಿಗೆ ವರ್ಗವಾದರೆ ಎಷ್ಟು ದಿನ ಮೊದಲು ತಿಳಿಸಬೇಕೆಂದು. ಮಗುವಿನ ಎದುರು ಇನ್ನೊಬ್ಬರನ್ನು ಹೀಯಾಳಿಸಬಾರದು ಎಂಬುದನ್ನೂ ಬರೆಸಿದೆವು. ಕೋರ್ಟು ಅದನ್ನು ಕಾಯುತ್ತಾ ಕೂರುವುದಿಲ್ಲ ನಿಜ, ಆದರೆ ಸಹಿ ಹಾಕಿದ ಮಾತು ಸಿಟ್ಟು ಬಂದಾಗ ನನ್ನ ನಾಲಗೆಯನ್ನು ಎಷ್ಟೋ ಸಲ ಹಿಡಿದಿದೆ.

ಮಗಳ ಖರ್ಚಿನ ವಿಷಯದಲ್ಲೂ ಬರೀ ತಿಂಗಳ ಮೊತ್ತ ಬರೆಸಿ ಬಿಡಬೇಡಿ. ಇಂದಿನ ಶುಲ್ಕ ಹತ್ತು ವರ್ಷದ ಮೇಲೆ ಇರುವುದಿಲ್ಲ. ವರ್ಷಕ್ಕೆ ಎಷ್ಟು ಶೇಕಡಾ ಏರಿಕೆ, ಕಾಲೇಜಿನ ಖರ್ಚು ಯಾರದು, ಆಸ್ಪತ್ರೆಯ ದೊಡ್ಡ ಬಿಲ್ಲು ಬಂದರೆ ಪಾಲು ಹೇಗೆ ಎಂಬುದೂ ಇರಲಿ. ಬೇಗ ಮುಗಿದರೆ ಸಾಕೆಂದು ಮಗಳ ಜೀವನಾಂಶವನ್ನೇ ಬಿಟ್ಟುಕೊಡುತ್ತೇನೆ ಎನ್ನುವ ತಾಯಂದಿರನ್ನು ಕಂಡಿದ್ದೇನೆ. ಅದು ಮಗುವಿನ ಹಕ್ಕು, ನಾವು ಬಿಟ್ಟುಕೊಡಲು ಅದು ನಮ್ಮದಲ್ಲ. ಮಗುವಿನ ಹಿತಕ್ಕೆ ಬೇಕಾದರೆ ಪಾಲನೆ, ಖರ್ಚುಗಳ ಆದೇಶವನ್ನು ಕೋರ್ಟು ಮುಂದೆ ಬದಲಿಸಲೂಬಹುದು.

ಹಣದ ಬಗ್ಗೆ ಒಂದು ಎಚ್ಚರಿಕೆ. ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು, 1991ರ ಸುರೇಷ್ಟಾ ದೇವಿ ತೀರ್ಪು ಅದನ್ನೇ ಹೇಳುತ್ತದೆ. ಆದ್ದರಿಂದ ಇಡಿಗಂಟನ್ನು ಭಾಗ ಮಾಡಿಸಿ. ಸ್ವಲ್ಪ ಅರ್ಜಿ ಹಾಕುವಾಗ, ಉಳಿದದ್ದು ಕೊನೆಯ ಹೇಳಿಕೆಯ ದಿನ ನ್ಯಾಯಾಧೀಶರ ಮುಂದೆ ಡಿಮ್ಯಾಂಡ್ ಡ್ರಾಫ್ಟ್ ಮೂಲಕ. ಜಂಟಿ ಗೃಹಸಾಲವಿದ್ದರೆ ಇನ್ನೂ ಹುಷಾರು. "ಸಾಲ ಗಂಡ ಕಟ್ಟತಕ್ಕದ್ದು" ಎಂದು ನೀವಿಬ್ಬರು ಬರೆದುಕೊಂಡರೂ ಬ್ಯಾಂಕು ಆ ಒಪ್ಪಂದದಲ್ಲಿ ಇಲ್ಲ. ಅವರು ಕಂತು ತಪ್ಪಿಸಿದರೆ ಬ್ಯಾಂಕು ನಿಮ್ಮ ಬಾಗಿಲಿಗೂ ಬರುತ್ತದೆ. ಸಾಲದಿಂದ ನಿಮ್ಮ ಹೆಸರು ತೆಗೆಸುವುದು ಯಾವ ತಾರೀಖಿನೊಳಗೆ ಎಂದು ಬರೆಸಿ. ಮನೆಯ ಹಕ್ಕು ಬಿಡುವುದಿದ್ದರೆ ಹಕ್ಕುಬಿಡುಗಡೆ ಪತ್ರ ನೋಂದಣಿಯಾಗಲಿ. ವಿಮೆ, ಭವಿಷ್ಯ ನಿಧಿಗಳ ನಾಮಿನಿ ಬದಲಿಸುವುದನ್ನಂತೂ ಬಹಳ ಜನ ಮರೆಯುತ್ತಾರೆ.

ಆ ವಕೀಲರು ಹೇಳಿದ "ಮೊದಲು ಕೇಸು" ಎಂಬ ಮಾತಿಗೆ ಬರುತ್ತೇನೆ. ನಿಜವಾಗಿ ಹಿಂಸೆ ನಡೆದಿದ್ದರೆ ದೂರು ಕೊಡಿ, ಅದು ನಿಮ್ಮ ಹಕ್ಕು. ಬರೀ ಒತ್ತಡ ಹಾಕಲು ಕ್ರಿಮಿನಲ್ ಕೇಸು ಹಾಕಿದರೆ ಅದನ್ನು ನೀವೇ ಹೋಗಿ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಹೆಂಡತಿಯ ಮೇಲೆ ಗಂಡ, ಅವನ ಮನೆಯವರು ನಡೆಸುವ ಕ್ರೌರ್ಯ, ಅಂದರೆ ಹಳೆಯ ದಂಡ ಸಂಹಿತೆಯ 498ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ನಮ್ಮ ರಾಜ್ಯದಲ್ಲಿ ರಾಜಿಯಾಗುವ ಅಪರಾಧವಲ್ಲ. ನೀವಿಬ್ಬರೂ ರಾಜಿಯಾದ ಮೇಲೂ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. 2012ರ ಗಿಯಾನ್ ಸಿಂಗ್ ತೀರ್ಪಿನಿಂದ ಆ ದಾರಿ ತೆರೆದಿದೆ, ಆದರೆ ಅದು ಇನ್ನೊಂದು ಅಲೆದಾಟ. ಯಾವುದೇ ಕೇಸು ಇದ್ದರೂ ಅದರ ನಂಬರು ಸಮೇತ, ಯಾರು ಯಾವಾಗ ಮುಗಿಸಿಕೊಳ್ಳಬೇಕೆಂದು ಒಪ್ಪಂದದಲ್ಲಿ ನಮೂದಾಗಲಿ.

ಒಂದು ಮಾತನ್ನು ನೀವು ಬರೆದಿಲ್ಲ, ಆದರೂ ಕೇಳದೆ ಇರಲಾರೆ. ನಿಮ್ಮ ಗಂಡನ ಬಗ್ಗೆ ನಿಮಗೆ ಭಯವಿದೆಯೇ? ಕೈಮಾಡಿದ್ದಾರೆಯೇ? ಹಾಗಿದ್ದರೆ ಒಂದೇ ಕೋಣೆಯಲ್ಲಿ ಎದುರು ಬದುರು ಕೂರಲು ಒಪ್ಪಬೇಡಿ. ಹೆದರಿದವರು ಹಾಕುವ ಸಹಿ ಒಪ್ಪಿಗೆಯಲ್ಲ. ಮೊದಲು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆಯ ಆದೇಶ ಪಡೆಯಿರಿ, ತುರ್ತಾಗಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಮಧ್ಯಸ್ಥಿಕೆ ಆಮೇಲೂ ಇರುತ್ತದೆ. ನಡುವೆ ಎದ್ದು ಬರುವ ಸ್ವಾತಂತ್ರ್ಯವೂ ನಿಮಗಿದೆ.

ಸಮಯದ ಲೆಕ್ಕ ಹೀಗೆ. ಜಂಟಿ ಅರ್ಜಿ ಹಾಕಲು ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು, ನಿಮಗೆ ಅದು ಆಗಿದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾದು ಎರಡನೇ ಹೇಳಿಕೆ ಕೊಡಬೇಕು. 2017ರ ಅಮರದೀಪ್ ಸಿಂಗ್ ತೀರ್ಪಿನ ಪ್ರಕಾರ, ಬೇರೆಯಾಗಿ ಒಂದೂವರೆ ವರ್ಷ ಕಳೆದಿದ್ದು, ಕೂಡಿಸುವ ಪ್ರಯತ್ನ ಫಲಿಸದೆ, ಮಗು ಮತ್ತು ಹಣದ ವಿಷಯ ನಿಜವಾಗಿ ಇತ್ಯರ್ಥವಾಗಿದ್ದರೆ ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು. ನಿಮಗೆ ಇನ್ನು ನಾಲ್ಕು ತಿಂಗಳಲ್ಲಿ ಒಂದೂವರೆ ವರ್ಷ ತುಂಬುತ್ತದೆ. ಆ ನಾಲ್ಕು ತಿಂಗಳನ್ನು ಮಾತುಕತೆಗೆ ಬಳಸಿಕೊಳ್ಳಿ. ಕರಡು ಒಪ್ಪಂದವನ್ನು ಮನೆಗೆ ತನ್ನಿ, ನಾಲ್ಕು ದಿನ ಇಟ್ಟುಕೊಳ್ಳಿ, ನಿಮ್ಮದೇ ವಕೀಲರಿಗೆ ತೋರಿಸಿ. ಅಂದೇ ಸಹಿ ಹಾಕಿ ಎಂದು ಯಾರೂ ಒತ್ತಾಯ ಮಾಡುವಂತಿಲ್ಲ.

ಅಮ್ಮನ ವಿಷಯ. ಕೇಂದ್ರದ ತನಕ ಖಂಡಿತ ಕರೆದುಕೊಂಡು ಹೋಗಿ, ಹೊರಗೆ ಯಾರೋ ನಮ್ಮವರು ಕೂತಿದ್ದಾರೆ ಎಂಬುದೇ ಧೈರ್ಯ. ಒಳಗೆ ಬರಲು ಇಬ್ಬರೂ ಒಪ್ಪಬೇಕು, ಮಧ್ಯಸ್ಥಗಾರರೂ ಒಪ್ಪಬೇಕು. ನಮ್ಮಲ್ಲಿ ಎರಡನೇ ಸಲ ಎರಡೂ ಕಡೆಯ ತಾಯಂದಿರು ಒಳಗೆ ಬಂದರು, ಅವತ್ತು ಮದುವೆ ದಿನದ ಮಾತೆಲ್ಲ ಹೊರಬಂತು, ಮಗನ ಮಾತು ಬರಲೇ ಇಲ್ಲ. ಮೂರನೇ ಸಲ ನಾವಿಬ್ಬರೇ ಕೂತೆವು. ಹೋಗುವಾಗ ಮಗಳ ಶಾಲೆಯ ಕ್ಯಾಲೆಂಡರನ್ನು ಮರೆಯದೆ ತೆಗೆದುಕೊಂಡು ಹೋಗಿ, ರಜೆಯ ತಾರೀಖುಗಳನ್ನು ಅದನ್ನು ಮುಂದಿಟ್ಟುಕೊಂಡೇ ಬರೆಸಿ.